ಏಳನೇ ಕ್ಲಬ್ಬಿನ ಕೇಕು

ನೆದರ್‌ಲ್ಯಾಂಡ್ಸ್‌ನ ಬಾಡ್‌ಹೂವೆಡಾರ್ಪ್ ಎಂಬ ಊರಿನ ಬಸ್‌ಸ್ಟಾಪಿನಲ್ಲಿ ತೊಡೆಯ ಮೇಲೆ ದೊಡ್ಡ ಕೇಕಿನ ಡಬ್ಬಿ ಇಟ್ಟುಕೊಂಡು ಕೂತಿದ್ದ ಹಿರಿಯರೊಬ್ಬರ ಕೈಕುಲುಕಿ, ಹುಟ್ಟುಹಬ್ಬದ ಶುಭಾಶಯ ಹೇಳಿಬಿಟ್ಟೆ. 1998ರ ಮಾತು. ಬೆಂಗಳೂರಿನಿಂದ ಬಂದು ಆರು ವಾರವಾಗಿತ್ತು. ಹುಟ್ಟುಹಬ್ಬದವರೇ ಆಫೀಸಿಗೆ ಕೇಕು ತರಬೇಕೆಂಬ ಇಲ್ಲಿಯ ಪದ್ಧತಿಯನ್ನು ಆಗಷ್ಟೇ ಕಲಿತಿದ್ದ ನನಗೆ, ಆ ಜ್ಞಾನವನ್ನು ಯಾರ ಮೇಲಾದರೂ ಪ್ರಯೋಗಿಸುವ ಉತ್ಸಾಹ.

ಅವರು ಸಮಾಧಾನವಾಗಿ ಥ್ಯಾಂಕ್ಸ್ ಹೇಳಿದರು. ಕ್ರೊಯೇಷಿಯಾದವರಂತೆ, ಹತ್ತಿರದ ಊರಿನ ಸಣ್ಣ ಫುಟ್‌ಬಾಲ್ ಕ್ಲಬ್ಬೊಂದರ ಕೋಚ್. ಆ ಬೇಸಿಗೆಯಲ್ಲೇ ವಿಶ್ವಕಪ್‌ನ ಮೂರನೇ ಸ್ಥಾನದ ಪಂದ್ಯದಲ್ಲಿ ಅವರ ದೇಶ ಡಚ್ಚರನ್ನು ಸೋಲಿಸಿತ್ತು.

ನನ್ನ ಇಂಗ್ಲಿಷಿನಲ್ಲಿ, "ಹಾಗಾದ್ರೆ ಕ್ಲಬ್ಬಲ್ಲಿ ನಿಮಗೀಗ ಭಾರಿ ಮರ್ಯಾದೆ ಇರ್ಬೇಕಲ್ವಾ ಸಾರ್?" ಎಂದೆ.

"ಇದೆಯಲ್ಲ, ನಿನ್ನೆ ಕೆಲಸದಿಂದ ತೆಗೆದ್ರು," ಎಂದು ಅವರು ತಮ್ಮ ಇಂಗ್ಲಿಷಿನಲ್ಲಿ ಹೇಳಿ, ಡಬ್ಬಿಯನ್ನು ಮೆಲ್ಲಗೆ ತಟ್ಟಿದರು. "ಇದು ನನ್ನ ಏಳನೇ ಕ್ಲಬ್ಬು. ಒಂದೂರಲ್ಲಿ ಕಲ್ಲು ಹೊಡೆದು ಕಳಿಸಿದ್ರು, ಇನ್ನೊಂದೂರಲ್ಲಿ ನನ್ನ ರೂಮಿನ ಬೀಗ ಬದಲಾಯಿಸಿದ್ರು. ಬಿಟ್ಟು ಹೋಗೋನೇ ಕೇಕ್ ತರ್ಬೇಕು ಅಂದಿದ್ದು ಈ ದೇಶದಲ್ಲಿ ಮಾತ್ರ."

ಯಾವ ಕೇಕು ಎಂದು ಕೇಳಿದೆ. ಸೇಬಿನದು ಎಂದರು. ಗೋಲ್‌ಕೀಪರ್‌ಗೆ ಮಾತ್ರ ತಟ್ಟೆಯಲ್ಲಿಟ್ಟು ಕೊಡಬೇಕಂತೆ, ಕೈಗೆ ಕೊಟ್ಟರೆ ಖಂಡಿತ ಬೀಳಿಸುತ್ತಾನಂತೆ.

ಮರುವರ್ಷ ನನ್ನ ಪ್ರಾಜೆಕ್ಟೂ ಅರ್ಧಕ್ಕೇ ನಿಂತು, ಊರಿಗೆ ಹೊರಡಲು ಹೇಳಿದರು. ಕೊನೆಯ ದಿನ ಆಫೀಸಿಗೆಂದು ಸೇಬಿನ ಕೇಕು ಹಿಡಿದು ಅದೇ ಸ್ಟಾಪಿನಲ್ಲಿ ಕೂತಿದ್ದೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನಗುತ್ತಾ ಕೈಕುಲುಕಿ ಹುಟ್ಟುಹಬ್ಬದ ಶುಭಾಶಯ ಹೇಳಿದರು. ನಾನೂ ಸಮಾಧಾನವಾಗಿ ಥ್ಯಾಂಕ್ಸ್ ಹೇಳಿದೆ.