ಉಷಕ್ಕನ ತಟ್ಟೆಯ ಪಾರಿಜಾತ

ನೀರಿನ ಲೋಟ ಉರುಳಬಹುದಿತ್ತು. ಕುಂಚದಿಂದ ಕಿತ್ತಳೆ ಬಣ್ಣ ತೊಟ್ಟಿಕ್ಕಬಹುದಿತ್ತು. ಹಾಳೆ ನೆನೆದು ಹಪ್ಪಳದ ಹಾಗೆ ಉಬ್ಬಬಹುದಿತ್ತು. ಸರಿಯಾಗಿ ಎಸಳಿನ ಅಂಚಿಗೆ ಬಂದಾಗ ನನಗೆ ಸೀನು ಬರಬಹುದಿತ್ತು. ಈಗಲೂ ಬೀಗ ಹಾಕಿದೆನೋ ಇಲ್ಲವೋ ಎಂದು ಬೀದಿ ತುದಿಯಿಂದ ವಾಪಸು ಬರುವ ನನಗೆ ಹತ್ತನೇ ವಯಸ್ಸಿಗೇ ಇಷ್ಟೆಲ್ಲ ಹೊಳೆದಿತ್ತು.

ಆಗಿನ ಶಂಕರಪುರಂನಲ್ಲಿ ದಸರಾ ರಜೆ ಎಂದರೆ ಮಕ್ಕಳಿಗೆ ಕುಂಟೆಬಿಲ್ಲೆ, ಗೊಂಬೆ ನೋಡಲು ಮನೆಮನೆ ತಿರುಗಿ ಗಿಟ್ಟಿಸಿದ ಕೋಡುಬಳೆ. ಪಕ್ಕದ ಮನೆಯ ಲಲಿತತ್ತೆ ಆ ವರ್ಷ ಗೊಂಬೆ ಕೂರಿಸಿರಲಿಲ್ಲ. ಹಿಂದಿನ ವರ್ಷ ಇದೇ ಪಾರಿಜಾತದ ಕಾಲದಲ್ಲಿ ಅವರ ಮಗಳು ಉಷಕ್ಕ ಕಾಮಾಲೆಯಾಗಿ ತೀರಿಕೊಂಡಿದ್ದಳು. ಅತ್ತೆ ಡ್ರಾಯಿಂಗ್ ಟೀಚರ್. ರಜೆಯಲ್ಲಿ ನನಗೆ ಜಲವರ್ಣ ಕಲಿಸುತ್ತೇನೆಂದು ಕರೆದರು.

ಬೆಳಿಗ್ಗೆ ಅಂಗಳದಲ್ಲಿ ಉದುರಿದ ಪಾರಿಜಾತ ಆಯ್ದು ತಟ್ಟೆಯಲ್ಲಿಡುವುದು, ಬಿಸಿಲೇರಿ ಬಾಡುವುದರೊಳಗೆ ಬರೆದು ಮುಗಿಸುವುದು. ಮೊದಲ ದಿನವೇ ನಾನು ಬಿಳಿ ಬಣ್ಣ ಕೇಳಿದೆ.

"ಯಾಕಮ್ಮ, ಗೋಡೆಗೆ ಸುಣ್ಣ ಹೊಡೀಬೇಕಾ? ಬಿಳಿ ಹಚ್ಚೋದಲ್ಲ ಕಣೆ, ಬಿಡೋದು. ಸುತ್ತ ನೆರಳು ಹಾಕು, ಹೂವು ತಾನೇ ಎದ್ದು ಬರತ್ತೆ."

ಎದ್ದು ಬರುತ್ತಿತ್ತು. ಅದೇ ನನಗೆ ಭಯ. ಆ ನಡುಮನೆಯಲ್ಲಿ ಕಿಟಕಿ ಪಕ್ಕ ಉಷಕ್ಕ ಕೂರುತ್ತಿದ್ದ ಕುರ್ಚಿ ಖಾಲಿಯಿತ್ತು. ನನಗೆ ಬಿಸಿ ಹಾಲು ತರುವಾಗ ಅತ್ತೆ ಅದನ್ನು ಸುತ್ತಿಬಳಸಿ ಬರುತ್ತಿದ್ದರು, ಕೂತವರ ಕಾಲು ತುಳಿದೇನು ಎನ್ನುವ ಹಾಗೆ.

ರಜೆ ಮುಗಿಯುವ ಹೊತ್ತಿಗೆ ಒಂದು ಹಾಳೆ ತಂದು ನನ್ನ ಮುಂದಿಟ್ಟರು. ಉಷಕ್ಕ ಬರೆದದ್ದು. ತಟ್ಟೆ ತುಂಬ ಪಾರಿಜಾತ. ಅಲ್ಲೊಂದು ಇಲ್ಲೊಂದು ಹೂವು ಬಣ್ಣ ಕಂಡಿತ್ತು, ನಡುನಡುವೆ ಉಳಿದವೆಲ್ಲ ಬರೀ ಪೆನ್ಸಿಲ್ ಗೆರೆ.

"ಇದನ್ನ ಮುಗಿಸ್ಕೊಡು ಪುಟ್ಟಿ."

"ಅಯ್ಯೋ, ಕೆಟ್ಟುಹೋದ್ರೆ? ನೀವೇ ಮಾಡಿ ಅತ್ತೆ."

"ನಂದು ದೊಡ್ಡೋರ ಕೈ, ಅವಳದಕ್ಕೆ ಹೊಂದಲ್ಲ." ಹಾಳೆಯನ್ನು ನನ್ನ ಕಡೆಗೆ ಸರಿಸಿದರು. "ಊಟ ಅರ್ಧಕ್ಕೆ ಬಿಟ್ಟು ಎದ್ದುಹೋದ ಹಾಗಿದೆ ಕಣೆ. ನೋಡಕ್ಕಾಗಲ್ಲ."

ಉಷಕ್ಕನ ಕುಂಚವನ್ನೇ ಕೊಟ್ಟರು. ಅವಳ ಕೈಗೆ ಒಗ್ಗಿ ಅದರ ತುದಿ ಒಂದು ಕಡೆಗೆ ಬಾಗಿತ್ತು. ಉಸಿರು ಬಿಗಿಹಿಡಿದು ಅವಳ ಹಾಗೇ ಎಸಳು ತಿರುಗಿಸಿದೆ, ಅವಳ ಹಾಗೇ ತೊಟ್ಟಿಗೆ ಕಿತ್ತಳೆ ಇಳಿಸಿದೆ. ಬರಬರುತ್ತಾ ಕುಂಚವೇ ಮುಂದೆ ಹೋಗುತ್ತಿತ್ತು, ನಾನು ಹಿಂದೆ. ಕುರ್ಚಿಯ ಕಡೆ ಮಾತ್ರ ತಿರುಗಲಿಲ್ಲ.

ಹೆದರಿದ್ದೊಂದೂ ಆಗಲಿಲ್ಲ. ಇವತ್ತು ಆ ಅಂಗಳವಿಲ್ಲ, ಮರವಿಲ್ಲ, ಲಲಿತತ್ತೆಯೂ ಇಲ್ಲ. ಎಲ್ಲ ತನ್ನ ಪಾಡಿಗೆ ಹೋಯಿತು, ಚಿಂತೆ ಮಾಡಿ ತಡೆಯುವುದಾಗಿದ್ದರೆ ನಾನು ತಡೆದೇ ತಡೆಯುತ್ತಿದ್ದೆ. ಆವತ್ತು ಹೋದದ್ದು ತೀರಾ ಸಣ್ಣದು.

ಅತ್ತೆ ಹಾಳೆಯನ್ನು ಬೆಳಕಿಗೆ ಹಿಡಿದು "ಭೇಷ್" ಎಂದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಬೆರಳು ಒಂದು ಹೂವಿನ ಮೇಲೆ ನಿಂತಿತು, ಪಕ್ಕದ್ದಕ್ಕೆ ಹೋಯಿತು, ಮತ್ತೆ ಹಿಂದಕ್ಕೆ ಬಂತು.

"ಪುಟ್ಟಿ, ಇದರಲ್ಲಿ ಅವಳದು ಯಾವುದೇ?"

ತೋರಿಸಲು ಕೈ ಎತ್ತಿದೆ. ನನಗೂ ಗೊತ್ತಾಗಲಿಲ್ಲ.