ಕರಡಿಗೂ ಕೇಳುವ ಹಾಗೆ ಓದಿಸಿದಾಕೆ

ಆಕೆಯ ಎಡಹುಬ್ಬು ಅರ್ಧವೇ ಇತ್ತು. ಶಾಲೆಯ ಅಡುಗೆಕೋಣೆಯಲ್ಲಿ ಒಲೆ ಊದುವಾಗ ಒಮ್ಮೆ ಉರಿ ಮುಖಕ್ಕೆ ಹೊಡೆದು ಸುಟ್ಟದ್ದು, ಮತ್ತೆ ಬೆಳೆಯಲಿಲ್ಲ. ಹಾಗಾಗಿ ಯಾರು ಏನು ಹೇಳಿದರೂ ಆಕೆ ಅರ್ಧ ನಂಬಿ ಅರ್ಧ ಬಿಟ್ಟವಳಂತೆ ಕಾಣುತ್ತಿದ್ದಳು. ನನ್ನ ಸುಳ್ಳು ಕೇಳಿದ ದಿನವೂ ಹಾಗೇ ಕಂಡಳು.

ನಮ್ಮೂರು ಹುಲಿಹೈದರದಿಂದ ಒಳಗೆ, ಗುಡ್ಡಗಳ ಹಿಂದಿದೆ. ಎಪ್ಪತ್ತು ಮನೆ. ಸುತ್ತಲೂ ಒಂದರ ಮೇಲೊಂದು ಒಟ್ಟಿದಂಥ ಬಂಡೆಗಳು, ಸಂದಿಯಲ್ಲೆಲ್ಲ ಸೀತಾಫಲದ ಗಿಡ. ಕಲ್ಲು ಆರಿಸಿ ತೆಗೆದಷ್ಟು ನೆಲದಲ್ಲಿ ಸಜ್ಜೆ, ಶೇಂಗಾ. ಟಂಟಂ ಗಾಡಿ ಗುಡ್ಡದ ಬುಡಕ್ಕೇ ನಿಂತುಬಿಡುತ್ತದೆ. ಫೋನಿನಲ್ಲಿ ಮಾತಾಡಬೇಕೆಂದರೆ ಊರ ಹಿಂದಿನ ದೊಡ್ಡ ಬಂಡೆ ಏರಬೇಕು. ಹುಡುಗಿಯರಿಗೆ ಸರ್ಕಾರ ಕೊಟ್ಟ ಸೈಕಲ್ಲುಗಳ ಮೇಲೆ ನಾವು ಕೌದಿ ಒಣಹಾಕುತ್ತಿದ್ದೆವು.

ಊರಿನ ಶಾಲೆ ಏಳನೆಯವರೆಗೆ. ಮುಂದೆ ಓದುವ ಹುಡುಗರು ಹಾಸ್ಟೆಲು ಸೇರುತ್ತಿದ್ದರು. ಹುಡುಗಿಯರು ಗುಡ್ಡದ ಕಣಿವೆ ದಾಟಿ ಆಚೆ ಊರಿನ ಹೈಸ್ಕೂಲಿಗೆ ನಡೆಯಬೇಕು. ಆ ಕಣಿವೆಯಲ್ಲಿ ಕರಡಿಗಳಿವೆ. ನಮ್ಮ ಕಡೆ ಅದು ಹೊಸ ಸುದ್ದಿಯಲ್ಲ. ಸಪ್ಪಳ ಮಾಡುತ್ತ ಹೋದರೆ ಅವೇ ಸರಿದುಕೊಳ್ಳುತ್ತವೆ; ಸದ್ದಿಲ್ಲದೆ ಎದುರಾದರೆ ಮುಖಕ್ಕೇ ಬರುತ್ತವೆ.

ಆಕೆ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದಳು. ಗಂಡ ತೀರಿದ್ದ, ಮಕ್ಕಳಿರಲಿಲ್ಲ. ಊರ ಮಕ್ಕಳೆಲ್ಲ ಅಕ್ಕ ಎನ್ನುತ್ತಿದ್ದರು. ಸಾರಿಗೆ ಉಪ್ಪು ಸಾಲದೆಂಬುದನ್ನು ಬಾಯಿಗೆ ಹಾಕದೆ, ಆವಿಯ ವಾಸನೆಯಿಂದಲೇ ಹೇಳುತ್ತಿದ್ದಳು. ಎರಡನೆಯ ಸಲ ಬಡಿಸಿಕೊಳ್ಳಲು ಹಿಂಜರಿದ ಮಗುವಿಗೆ, "ನಾಚಿಕಿ ಹೊಟ್ಟಿ ತುಂಬಸ್ತದೇನ? ಹಿಡಿ ತಾಟ" ಎನ್ನುವುದು ದಿನದ ಮಾತು. ನಾನು ಹತ್ತನೆಯ ತನಕ ಓದಿದವನೆಂದು ಶಾಲಾ ಸಮಿತಿಗೆ ಅಧ್ಯಕ್ಷನಾಗಿದ್ದೆ. ಹುಡುಗಿಯರ ಓದು ನಿಲ್ಲಿಸಿದವನೂ ನಾನೇ.

ಸೀತಾಫಲ ಹಣ್ಣಾಗುವ ಕಾಲ. ನಸುಕಿನಲ್ಲಿ ನೀರಿನ ಚರಗಿ ಹಿಡಿದು ಕಣಿವೆಯ ಕಡೆ ಹೋಗಿದ್ದೆ. ಗಿಡದ ಕೆಳಗೆ ಕರ್ರಗೆ ಏನೋ ಕುಂತಿತ್ತು. ಅದು ಅಲುಗಾಡಿತು. ಚರಗಿ ಅಲ್ಲೇ ಬಿಟ್ಟು ಊರು ಸೇರುವ ತನಕ ಓಡಿದೆ. ಜನ ಕೂಡಿದರು, ನಾನು ಹೇಳಿದೆ. ಸಂಜೆಯೊಳಗೆ ನನ್ನ ಕರಡಿಗೆ ಎರಡು ಮರಿಗಳಾಗಿದ್ದವು, ಅದು ನನ್ನನ್ನು ಬೇಲಿಯ ತನಕ ಅಟ್ಟಿಸಿಕೊಂಡು ಬಂದಿತ್ತು. ಮರುದಿನದಿಂದ ಹತ್ತನೆಯ ತರಗತಿಯ ನಾಲ್ಕು ಹುಡುಗಿಯರು ಮನೆಯಲ್ಲಿ ಕುಳಿತರು. ಅವರಲ್ಲಿ ಒಬ್ಬಳು ನನ್ನ ಮೊಮ್ಮಗಳು.

ಮೂರನೆಯ ದಿನ, ಕುಷ್ಟಗಿ ಕಡೆಯಿಂದ ಕುರಿ ಹೊಡೆದುಕೊಂಡು ಬಂದಿದ್ದ ಕುರಿಗಾಹಿಯೊಬ್ಬ ನನ್ನ ಹೊಲದ ಬದುವಿಗೆ ಬಂದು ನಿಂತ. ಮೈತುಂಬ ಕರಿ ಕಂಬಳಿ. ಕೈಯಲ್ಲಿ ನನ್ನ ಚರಗಿ.

"ತಗೋರಿ ಯಜಮಾನ್ರ. ಹಣ್ಣ ಆರಸಾಕತ್ತಿದ್ದೆ, ನನ್ನ ನೋಡಿ ಹಂಗ್ಯಾಕ ಓಡಿದ್ರಿ?"

"ಹೊಟ್ಟಿ ಸರಿ ಇದ್ದಿಲ್ಲಪ" ಎಂದೆ.

ಅವನು ಮರುದಿನ ಕುರಿ ಎಬ್ಬಿಸಿಕೊಂಡು ಹೋದ. ನಾನು ಊರಲ್ಲಿ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಪಕ್ಕದ ಹಳ್ಳಿಗಳಿಂದಲೂ ಜನ ನನ್ನ ಕಥೆ ಕೇಳಲು ಬಂದು ಹೋಗಿದ್ದರು. ಕಂಬಳಿ ಕಂಡು ಓಡಿದವನು ಎನ್ನಿಸಿಕೊಳ್ಳುವುದು ನನಗೆ ಬೇಡವಾಗಿತ್ತು. ಇದಕ್ಕಿಂತ ದೊಡ್ಡ ಕಾರಣವೇನಾದರೂ ಇತ್ತೇ ಎಂದು ಎಷ್ಟೋ ಸಲ ಹುಡುಕಿದ್ದೇನೆ. ಇರಲಿಲ್ಲ.

ತಿಂಗಳು ಕಳೆಯಿತು. ಹಾಜರಿ ಸಾಲದಿದ್ದರೆ ಪರೀಕ್ಷೆಗೆ ಕೂಡಿಸುವಂತಿಲ್ಲ ಎಂದು ಹೈಸ್ಕೂಲಿನಿಂದ ಹೇಳಿಕಳಿಸಿದರು. ಎರಡು ಮನೆಯವರು ಆಗಲೇ ವರ ನೋಡತೊಡಗಿದ್ದರು. ಅದೇ ಮಧ್ಯಾಹ್ನ ಆಕೆ ನಮ್ಮ ಕಟ್ಟೆಗೆ ಬಂದಳು.

"ಕಾಕಾ, ನೀವು ಕರಡಿ ಕಂಡ ಜಾಗಕ್ಕ ನಾ ಮರುದಿನಾನ ಹೋಗಿದ್ದೆ."

"ಯಾಕ ಹೋಗಿದ್ದಿ? ಜೀವದ ಮ್ಯಾಲ ಆಸಿ ಇಲ್ಲೇನ?"

"ಹುತ್ತ ಕೆದರಿದ್ದಿಲ್ಲ. ಲದ್ದಿ ಇದ್ದಿಲ್ಲ. ಗಿಡದ ಬುಡಕ ಇದು ಬಿದ್ದಿತ್ತು." ಎಲೆಯಡಿಕೆ ಸಂಚಿಯಿಂದ ತೆಗೆದು ಅಂಗೈ ಮೇಲಿಟ್ಟು ತೋರಿಸಿದಳು. ಬೀಡಿ ತುಂಡು. "ಕರಡಿ ಬೀಡಿ ಸೇದ್ತಾವೇನ್ರಿ ಕಾಕಾ?"

ಒಳಗೆ ನನ್ನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ನಾನು ದನಿ ತಗ್ಗಿಸಿದೆ. "ಒಂದು ತಿಂಗಳು ಯಾಕ ಸುಮ್ಮನಿದ್ದಿ?"

"ಇವತ್ತು ಹೇಳ್ತೀರಿ, ನಾಳೆ ಹೇಳ್ತೀರಿ ಅಂತ ಕಾದೆ. ನಂದೂ ತಪ್ಪಾತು."

"ಈಗ ಊರಿಗೆ ಏನಂತ ಹೇಳ್ಲಿ?"

"ಅದು ನಿಮಗ ಬಿಟ್ಟದ್ದು. ನಾಳೆ ಮುಂಜಾನಿ ನಿಮ್ಮ ಮೊಮ್ಮಗಳನ್ನ ಮೊದಲ ಕಳಸ್ರಿ. ಅಧ್ಯಕ್ಷರ ಮನಿ ಹುಡುಗಿ ಹೊಂಟ್ರ ಉಳದವರು ಬರ್ತಾರ. ನಾ ಕರಕೊಂಡು ಹೋಗ್ತೀನಿ."

ಮರುದಿನ ಊರು ಆಕೆಯನ್ನು ಅಗಸಿಯಲ್ಲೇ, ಊರ ಬಾಗಿಲಲ್ಲೇ ತಡೆಯಿತು. ಒಬ್ಬ ಅಂದ: "ನಿನಗೇನ, ಹಿಂದ ಮುಂದ ಯಾರೂ ಇಲ್ಲದಾಕಿ. ಹುಡುಗ್ಯಾರಿಗೆ ಏನರ ಆದ್ರ ಯಾರು ಹೊಣಿ?"

"ನಾ ಅದೀನಲ್ಲ. ನನ್ನ ಬಾಯಿಗೆ ಅಂಜಿ ನೀನಾ ದಾರಿ ಬಿಡ್ತಿ, ಕರಡಿ ಬಿಡಾಂಗಿಲ್ಲೇನು?"

ಕೆಲವರು ನಕ್ಕರು, ಹೆಚ್ಚಿನವರು ಬೈದರು. ನಾನು ಒಂದು ಮಾತು ಆಡಿದ್ದರೆ ಆ ಬೈಗುಳವೆಲ್ಲ ನನ್ನ ಕಡೆ ತಿರುಗುತ್ತಿತ್ತು. ಆಡಲಿಲ್ಲ. ಮೊಮ್ಮಗಳನ್ನು ಕಳಿಸಿದೆ, ಅಷ್ಟೇ. ಅವಳ ಹಿಂದೆ ಉಳಿದ ಮೂವರೂ ಹೊರಟರು.

ಅಂದಿನಿಂದ ಪರೀಕ್ಷೆ ಮುಗಿಯುವ ತನಕ, ದಿನಕ್ಕೆ ಎರಡು ಸಲ ಆಕೆ ಕಣಿವೆ ದಾಟಿ ಬಂದಳು. ಬೆಳಿಗ್ಗೆ ಬಿಟ್ಟು ಬಂದು ಒಲೆ ಹೊತ್ತಿಸುವಳು, ಪಾತ್ರೆ ತೊಳೆದಿಟ್ಟು ಸಂಜೆ ಕರೆತರಲು ಹೊರಡುವಳು. ಒಂದು ದಿನವೂ ಮಕ್ಕಳ ಊಟ ತಡವಾಗಲಿಲ್ಲ. ಕೈಯಲ್ಲಿ ಅನ್ನದ ಪಾತ್ರೆಯ ಮುಚ್ಚಳ ಮತ್ತು ಸೌಟು. ಅದನ್ನು ಬಡಿಯುತ್ತ ಮುಂದೆ ನಡೆಯುವಳು, ಹುಡುಗಿಯರು ಹಿಂದೆ ಕೂಗಬೇಕು. ಬರೀ ಕೂ ಎಂದರೆ ಆಗದು. "ಸುಮ್ಮನ ಯಾಕ ಗಂಟಲ ಹರಕೋತೀರಿ? ಪಾಠ ಕೂಗ್ರಿ. ಕರಡಿಗೂ ತಿಳೀಬೇಕು, ಹಂಗ."

ಹೀಗೆ ನಮ್ಮ ಗುಡ್ಡಕ್ಕೆ ವಿಜ್ಞಾನ ಬಂತು, ಚರಿತ್ರೆ ಬಂತು. ದನ ಕಾಯುವವರು ಸಂಜೆ ಪೈಥಾಗೊರಸನ ಪ್ರಮೇಯ ಹೇಳುತ್ತ ಮನೆಗೆ ಬರುತ್ತಿದ್ದರು. ಆಕೆಗೆ ಅಕ್ಷರ ಬಾರದು. ಆದರೂ ಯಾರಾದರೂ ಒಂದು ಸಾಲು ನುಂಗಿದರೆ ಸೌಟು ನಿಲ್ಲುತ್ತಿತ್ತು. "ನಿನ್ನಿ ಇಲ್ಲಿ ಇನ್ನೊಂದು ಮಾತಿತ್ತಲ್ಲ ತಂಗಿ?"

ಫಲಿತಾಂಶ ನೋಡಲು ನಾಲ್ವರೂ ದೊಡ್ಡ ಬಂಡೆ ಏರಿದರು. ಅರ್ಧ ಊರು ಕೆಳಗೆ ಕತ್ತೆತ್ತಿ ನಿಂತಿತ್ತು. ಮೊಮ್ಮಗಳು ಒಬ್ಬೊಬ್ಬರ ಅಂಕವನ್ನೂ ಮೇಲಿನಿಂದ ಕೂಗಿದಳು. ಕೂಗಲು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ನಾಲ್ವರೂ ಪಾಸು, ಇಬ್ಬರು ಮೊದಲ ದರ್ಜೆ. ಅಗಸಿಯಲ್ಲಿ ಬೈದಿದ್ದವನೇ ಸಕ್ಕರೆ ತಂದು ಆಕೆಯ ಬಾಯಿಗೆ ಹಾಕಿದ. ಆಕೆ ಅದನ್ನು ನುಂಗುವುದಕ್ಕೂ ಕಾಯದೆ ಕೇಳಿದಳು: "ಕಾಲೇಜಿಗೆ ಯಾವ ಗುಡ್ಡ ದಾಟಬೇಕ್ರಿ?"

ಆಮೇಲೆ ನಮ್ಮೂರಿನ ಯಾವ ಹುಡುಗಿಯೂ ಏಳನೆಗೆ ನಿಂತಿಲ್ಲ. ಒಬ್ಬಳು ಗಂಗಾವತಿಯಲ್ಲಿ ನರ್ಸು. ನನ್ನ ಮೊಮ್ಮಗಳು ಕಣಿವೆಯಾಚೆಯ ಅದೇ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ದಿನವೂ ಹನ್ನೊಂದು ಹುಡುಗಿಯರನ್ನು ಕೂಗಿಸುತ್ತ ನಡೆಸಿಕೊಂಡು ಹೋಗುತ್ತಾಳೆ.

ಕಳೆದ ಚಳಿಗಾಲದಲ್ಲಿ ಆಕೆ ತೀರಿಕೊಂಡಳು. ಮೂರನೆಯ ದಿನ ಶಾಲೆಯ ಅಂಗಳದಲ್ಲಿ ಕೂಡಿದ್ದೆವು. ಎಲ್ಲರೂ ಕರಡಿಯ ಕಥೆಯನ್ನೇ ತೆಗೆದರು: ಮರಿ ಹಾಕಿದ ಕರಡಿಗೂ ಅಂಜದಾಕಿ, ಎಂದು. ನನಗೆ ಕೂರಲಾಗಲಿಲ್ಲ. ಎದ್ದು ನಿಂತು, ಅಲ್ಲಿ ಕರಡಿ ಇರಲಿಲ್ಲ, ಕುರಿಗಾಹಿಯ ಕಂಬಳಿ ಇತ್ತು, ಮೂರನೆಯ ದಿನಕ್ಕೇ ನನಗೆ ಗೊತ್ತಾಗಿತ್ತು, ಆಕೆಗೆ ಅದಕ್ಕೂ ಮೊದಲೇ ಗೊತ್ತಿತ್ತು, ಆಕೆ ಅಂಜದೆ ನಿಂತದ್ದು ಕರಡಿಗಲ್ಲ, ಅಂದು ಅಗಸಿಯಲ್ಲಿ ನಿಂತಿದ್ದ ನಮಗೆ ಎಂದು ಎಲ್ಲವನ್ನೂ ಹೇಳಿದೆ.

ಮೊಮ್ಮಗಳು ಬಂದು ನನ್ನ ತೋಳು ಹಿಡಿದು ಕೂಡಿಸಿದಳು.

"ನಮಗ ನಾಲ್ಕೂ ಮಂದಿಗೆ ಗೊತ್ತಿತ್ತು ಮುತ್ಯಾ. ಮೊದಲನೇ ದಿನಾನ ಅಕ್ಕ ಹೇಳಿದ್ಲು. 'ಊರಾಗ ಅನಬ್ಯಾಡ್ರಿ, ಕಾಕಾ ಒಂದಿನ ತಾವಾ ಹೇಳ್ತಾರ' ಅಂದಿದ್ಲು."

ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಂಗಳವೆಲ್ಲ ನಕ್ಕಿತು. ಒಂಬತ್ತು ವರ್ಷ ನಾನು ಅಂಜಿದ್ದು ಆ ನಗೆಗೇ. ಅದು ಬಂದು ಹೋಗಲು ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ.