ಕಿವಿಯಕ್ಕನ ಬಲಗಿವಿ

ಮೇಲಿನ ಮನೆಯವರ ಟ್ಯಾಂಕು ಉಕ್ಕಿ, ನೀರು ಹಿತ್ತಲಿನ ತಗಡಿನ ಮೇಲೆ ದಬದಬ ಬೀಳುತ್ತಿತ್ತು. ಬೆಳಗಿನ ಆರು ಗಂಟೆಗೆ ಇಡೀ ವಠಾರವನ್ನು ಎಬ್ಬಿಸುವಂಥ ಸದ್ದು. ಎಡಮಗ್ಗುಲಾಗಿ ಮಲಗಿದ್ದ ಕಿವಿಯಕ್ಕನಿಗೆ ಮಾತ್ರ ಅದು ಕೇಳಿಸಿದ್ದು, ಸೊಸೆ ಬಂದು ಭುಜ ಅಲುಗಿಸಿ, ಅವಳು ದಿಂಬಿನಿಂದ ತಲೆಯೆತ್ತಿದ ಮೇಲೆ.

"ಅತ್ತೆ, ಅರ್ಧ ಗಂಟೆಯಿಂದ ಸುರೀತಿದೆ. ಊರಿನ ನೀರೆಲ್ಲ ಕೇಳಿಸ್ಕೊಳ್ಳೋರಿಗೆ ಇದು ಕೇಳಿಸ್ಲಿಲ್ವಾ?"

"ಕೇಳಿಸ್ತು ಕಣೆ. ಏಳೋಕೆ ಸೋಮಾರಿತನ."

ಸೊಸೆ ನಗುತ್ತ ಒಳಗೆ ಹೋದಳು. ಕಿವಿಯಕ್ಕ ಮತ್ತೆ ಎಡಗಿವಿಯನ್ನು ದಿಂಬಿಗೆ ಒತ್ತಿದಳು. ಸದ್ದು ನಿಂತಿತು. ತಲೆಯೆತ್ತಿದಳು, ಸದ್ದು ಬಂತು. ಮೂರು ಸಲ ಹೀಗೆ ಮಾಡಿ, ನಾಲ್ಕನೆಯದಕ್ಕೆ ಧೈರ್ಯ ಸಾಲದೆ ಎದ್ದು ಹಾಸಿಗೆ ಸುತ್ತಿದಳು.

ನೀರು ಸರಬರಾಜು ಕಚೇರಿಯಲ್ಲಿ ಅವಳದು ನೆಲಕ್ಕೆ ಕಿವಿಗೊಡುವ ಕೆಲಸ. ರಸ್ತೆ ಅಗೆಯದೆಯೇ, ಅಡಿಯ ಪೈಪು ಎಲ್ಲಿ ಸೋರುತ್ತಿದೆಯೆಂದು ಹೇಳಬೇಕು. ಎದೆಯೆತ್ತರದ ಕಬ್ಬಿಣದ ಸಲಾಕೆಯ ಒಂದು ತುದಿ ಪೈಪಿನ ವಾಲ್ವಿನ ಮೇಲೆ; ಮರದ ಬಟ್ಟಲಿನಂಥ ಇನ್ನೊಂದು ತುದಿ ಬಲಗಿವಿಗೆ. ಗಂಡ ತೀರಿಕೊಂಡ ಮೇಲೆ ಕಸ ಗುಡಿಸಲು ಅಲ್ಲಿ ಸೇರಿದವಳು. ಆಗ ಈ ಕೆಲಸ ಮಾಡುತ್ತಿದ್ದ ಸಲಾಕೆ ತಾತ ಒಂದು ದಿನ ತಮಾಷೆಗೆ ಸಲಾಕೆಯನ್ನು ಅವಳ ಕೈಗೆ ಕೊಟ್ಟಿದ್ದ.

"ಏನು ಕೇಳುತ್ತಮ್ಮ?"

"ಯಾರೋ ಹಲ್ಲು ಕಚ್ಚಿ ಉಸಿರು ಬಿಟ್ಟ ಹಾಗಿದೆ."

ತಾತನ ನಗು ನಿಂತಿತು. ಅಗೆದು ನೋಡಿದರೆ ಕೂದಲೆಳೆಯಷ್ಟು ಬಿರುಕು. ಅಂದಿಗೆ ಪೊರಕೆ ಮೂಲೆ ಸೇರಿತು. ತಾತ ಕಲಿಸಿದ್ದು ಬಹಳ, ಆದರೆ ಒಂದು ಮಾತನ್ನು ಸಾಯುವತನಕ ಹೇಳಿದ: "ನೀರಿರೋ ಪೈಪು ಯಾವತ್ತೂ ಬಾಯಿ ಮುಚ್ಚಲ್ಲ. ಚೆನ್ನಾಗಿದ್ರೂ ಗೊಣಗ್ತಾನೇ ಇರುತ್ತೆ. ಏನೂ ಕೇಳಿಸ್ಲಿಲ್ಲ ಅಂದ್ರೆ ಪೈಪನ್ನ ಹೊಗಳಬೇಡ, ಕಿವಿಯನ್ನ ಅನುಮಾನಿಸು."

ಅವಳು ಸಲಾಕೆ ಹಿಡಿದು ಈಗ ಇಪ್ಪತ್ತೆರಡು ವರ್ಷ. ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಅವತ್ತು ಕಚೇರಿಯಲ್ಲಿ ಗುಮಾಸ್ತ ಎಲ್ಲರ ಮುಂದೆ ಒಂದೊಂದು ಹಾಳೆ ಇಟ್ಟಿದ್ದ. ಹೆಸರು, ವಯಸ್ಸು, ಅದರ ಕೆಳಗೆ 'ಪರಿಣತಿಯ ಕ್ಷೇತ್ರ'.

"ಹಂಗಂದ್ರೆ?" ಫಿಟ್ಟರ್ ಕೇಳಿದ.

"ಯಾವುದ್ರಲ್ಲಿ ನಿಂದು ಎತ್ತಿದ ಕೈ ಅಂತ."

"ರಜೆ ಹಾಕೋದ್ರಲ್ಲಿ," ಎಂದ, ಬೀದಿಗಳಿಗೆ ನೀರು ಬಿಡುವ ನೀರುಗಂಟಿ.

"ನಂದು ಪಳಗಿದ ಕೈ, ಇವನದು ಉದ್ದನೆ ನಾಲಿಗೆ. ಹಂಗೇ ಬರ್ಕೊಳ್ಳಿ," ಎಂದ ಫಿಟ್ಟರ್. "ಅಕ್ಕಂಗೇನು, ಸೋರಿಕೆ ಹಿಡಿಯೋದು ನೀರು ಕುಡಿದಷ್ಟು ಸುಲಭ. ಕಿವಿ ಅಂತ ಎರಡಕ್ಷರ ಹಾಕಿದ್ರೆ ಮುಗೀತು."

ಎಲ್ಲರೂ ನಕ್ಕರು. ಎರಡೇ ಅಕ್ಷರ. ಕಿವಿಯಕ್ಕ ಪೆನ್ನನ್ನು ಹಾಳೆಯ ಮೇಲಿಟ್ಟಳು. ಬಾಯಾರಿಕೆ ಎಂದು ಹೇಳಿ, ಸಲಾಕೆ ಹಿಡಿದು ಅಂಗಳಕ್ಕೆ ಬಂದಳು.

ಊರಿಗೆಲ್ಲ ನೀರು ಹೋಗುವ ದೊಡ್ಡ ಪೈಪು ಅಲ್ಲಿಯೇ ಇತ್ತು. ಸಲಾಕೆ ಊರಿ ಬಲಗಿವಿ ಇಟ್ಟಳು. ಬಂಡೆಗೆ ಕಿವಿಯಿಟ್ಟ ಹಾಗಿತ್ತು. ಎಡಗಿವಿ ಇಟ್ಟಳು. ಹೊಳೆಯೇ ಹರಿಯುತ್ತಿತ್ತು.

ಮೂರು ದಿನದ ಹಿಂದೆ ಶಾಲೆಯ ಗೋಡೆ ಪಕ್ಕದ ರಸ್ತೆಯಲ್ಲಿಯೂ ಹೀಗೇ ಇತ್ತು, ಒಂದು ಪಿಸುಮಾತೂ ಇಲ್ಲದೆ. ಎಂಥ ಸಾಧು ಪೈಪು ಎಂದುಕೊಂಡು, 'ಸೋರಿಕೆ ಇಲ್ಲ' ಎಂದು ಸಹಿ ಹಾಕಿದ್ದಳು. ಚರಂಡಿಯ ಅಂಚು ತೇವವಾಗಿದ್ದದ್ದನ್ನು ಕಂಡಿದ್ದಳು. ಯಾರೋ ಗಾಡಿ ತೊಳೆದಿರಬೇಕು ಎಂದುಕೊಂಡಿದ್ದಳು. ಬಿಸಿಲಿತ್ತು, ಕಾಲು ನೋಯುತ್ತಿತ್ತು, ತಾತನ ಮಾತು ನೆನಪಾಗಿರಲಿಲ್ಲ.

ಆ ಸಹಿಯನ್ನು ನಂಬಿ ಇವತ್ತು ಹತ್ತು ಗಂಟೆಗೆ ಅಲ್ಲಿ ಡಾಂಬರು ಹಾಕುವವರಿದ್ದರು. ಕಲ್ಲು ಅರೆಯುವ ಭಾರದ ರೋಲರು. ಸೋರುವ ನೀರು ಮಣ್ಣನ್ನು ಸದ್ದಿಲ್ಲದೆ ತಿಂದು, ರಸ್ತೆಯನ್ನು ಮೊಟ್ಟೆಯ ಚಿಪ್ಪಿನಂತೆ ಉಳಿಸುತ್ತದೆ. ಹಿಂದೊಮ್ಮೆ ಮಾರುಕಟ್ಟೆ ಬೀದಿಯಲ್ಲಿ ತುಂಬಿದ ಲಾರಿಯೊಂದು ನೆಲದೊಳಗೆ ಇಳಿದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಡ್ರೈವರನ ಚಪ್ಪಲಿ ಮಾತ್ರ ಮೇಲೆ ಉಳಿದಿತ್ತು.

ಗಡಿಯಾರ ಹತ್ತಕ್ಕೆ ಇಪ್ಪತ್ತು ನಿಮಿಷ ಎನ್ನುತ್ತಿತ್ತು. ಹೇಳಿದರೆ ನಾಳೆಯಿಂದ ಮತ್ತೆ ಪೊರಕೆ. ಹೇಳದಿದ್ದರೆ ಎಂಬಲ್ಲಿಗೆ ಅವಳ ಯೋಚನೆ ಬಂದು ನಿಂತುಬಿಡುತ್ತಿತ್ತು. ಆದರೂ ಕಾಲುಗಳೇ ಅವಳನ್ನು ಇಂಜಿನಿಯರರ ಮೇಜಿನ ತನಕ ತಂದವು.

"ಸಾರ್, ಶಾಲೆ ರಸ್ತೆಗೆ ರೋಲರ್ ಹತ್ತಿಸ್ಬೇಡಿ."

"ನೀವೇ ತಾನೆ ಸಹಿ ಹಾಕಿದ್ದು?"

"ಹಾಕಿದ್ದೆ. ಕೇಳಿಸಿರ್ಲಿಲ್ಲ."

"ಅಂದ್ರೆ, ಹೋಗೇ ಇರ್ಲಿಲ್ವಾ?"

"ಹೋಗಿದ್ದೆ ಸಾರ್." ಅವಳು ಸಲಾಕೆಯ ಬಟ್ಟಲನ್ನು ಬಲಗಿವಿಗೆ ಮುಟ್ಟಿಸಿ ತೋರಿಸಿದಳು. "ಬಲಗಿವಿ ಹೋಗಿದೆ. ಇವತ್ತು ಗೊತ್ತಾಯ್ತು."

ಬಲಕ್ಕೆ ನಿಂತಿದ್ದ ಫಿಟ್ಟರನ ತುಟಿ ಅಲುಗುವುದು ಕಂಡಿತು. ಏನೆಂದನೋ ತಿಳಿಯಲಿಲ್ಲ.

ಇಂಜಿನಿಯರ್ ರೋಲರಿನ ಡ್ರೈವರಿಗೆ ಫೋನು ಹಚ್ಚಿ, ಕಿವಿಗಿಟ್ಟು ಕಾದರು, ಮತ್ತೆ ಒತ್ತಿದರು. "ಎತ್ತುತ್ತಿಲ್ಲ. ರೋಲರ್ ಆಗ್ಲೇ ಶುರು ಮಾಡಿರ್ಬೇಕು, ಆ ಸದ್ದಲ್ಲಿ ಅವನಿಗೆಲ್ಲಿ ಕೇಳ್ಬೇಕು."

ಅವಳು ಆಗಲೇ ಸಲಾಕೆಯನ್ನು ಹೆಗಲಿಗೇರಿಸಿದ್ದಳು. "ಅಕ್ಕ, ನಿಮ್ಮ ಹಾಳೆ ಖಾಲಿ ಇದೆ," ಗುಮಾಸ್ತ ಎಡಗಡೆಯಿಂದ ಕೂಗಿದ. "ಇಲ್ಲಿ ಏನಂತ ಬರೀಲಿ?"

"ಹಂಗೇ ಇರಲಿ ಬಿಡಪ್ಪ. ಮೊದಲು ಅವನನ್ನ ಕೆಳಗಿಳಿಸಿ, ಎಡಗಿವಿ ಇಟ್ಟು ನೋಡಿ, ಆಮೇಲೆ ಬಂದು ನಾನೇ ಬರೀತೀನಿ," ಎನ್ನುತ್ತಲೇ ಅವಳು ಮೆಟ್ಟಿಲಿಳಿದು ಗೇಟು ದಾಟಿ ಶಾಲೆ ರಸ್ತೆಯತ್ತ ಓಡಿದಳು.